ಕಿವಿ ಮತ್ತು ಹದಿನೇಳು ಜಂತಿ

ಯಂತ್ರಗಳಿಗೂ ನನಗೂ ಒಂದಲ್ಲ ಒಂದು ತಕರಾರು ನಡೆಯುತ್ತಲೇ ಇರುತ್ತದೆ. ಹಳ್ಳಿ ಹಳ್ಳಿ ಸುತ್ತುವ ನರ್ಸಾಗಿ ಮೂವತ್ತು ಚಿಲ್ಲರೆ ವರ್ಷ ದುಡಿದವಳು ನಾನು. ಆಗ ನನ್ನ ಚೀಲದಲ್ಲಿ ಇದ್ದ ಯಂತ್ರಗಳು ಎರಡೇ: ಒಂದು ಥರ್ಮಾಮೀಟರು, ಇನ್ನೊಂದು ಮಗುವನ್ನು ಜೋಳಿಗೆಯಲ್ಲಿ ಹಾಕಿ ತೂಗುವ ತಕ್ಕಡಿ. ಎರಡೂ ಹೇಳಿದ ಮಾತು ಕೇಳುತ್ತಿದ್ದವು. ನಿವೃತ್ತಿಯಾದ ಮೇಲೆ ಕೈಗೆ ಬಂದವು ಯಾವುವೂ ಹಾಗಿಲ್ಲ.

ನನ್ನ ಊರು ಗದಗದ ಕಡೆ. ಕೆಲಸದ ಆರ್ಡರ್ ಹಿಡಿದು ಮೂರು ಬಸ್ಸು ಬದಲಿಸಿ, ಶಿರಾಡಿ ಘಾಟಿ ಇಳಿದು, ಗುಂಡ್ಯದಲ್ಲಿ ವಾಂತಿ ಮಾಡಿಕೊಂಡು ಕಾಣಿಯೂರಿಗೆ ಬಂದಾಗ, ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಳ್ಳೋಣ ಎಂದುಕೊಂಡಿದ್ದೆ. ಇಲ್ಲಿಯ ಪೋಸ್ಟ್‌ಮ್ಯಾನ್ ಒಬ್ಬರು ಊರಿನ ಕಾಗದಗಳನ್ನು ತಪ್ಪದೆ ತಂದುಕೊಡುತ್ತಿದ್ದರು. ಅವರನ್ನೇ ಮದುವೆಯಾದೆ. ಅವರು ತೀರಿಕೊಂಡೂ ಆರು ವರ್ಷವಾಯಿತು. ನನ್ನ ಎರಡು ವರ್ಷ ಮಾತ್ರ ಇನ್ನೂ ಮುಗಿದಿಲ್ಲ.

೧. ಅವಳಿ

ನೆರೆಮನೆಯ ಬ್ಯಾರಿ ಕುಟುಂಬದ ಮಗ ನನ್ನ ಕೈಯಲ್ಲಿ ಹುಟ್ಟಿದವನು. ಈಗ ಗಲ್ಫಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ನನಗೆ ಖರ್ಜೂರ, ನೋವಿನ ಎಣ್ಣೆ ತರುವುದು ರೂಢಿ. ಒಂಬತ್ತು ವರ್ಷದ ಹಿಂದೆ ಒಮ್ಮೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಟ್ಯಾಬು ತಂದ. ತೆಳ್ಳಗೆ, ತಣ್ಣಗೆ, ಹಿಂಬದಿ ಬೆಳ್ಳಿಯ ತಟ್ಟೆಯ ಹಾಗೆ.

"ನರ್ಸಮ್ಮ, ಒಂದು ನಿಮಗೆ, ಒಂದು ನಿಮ್ಮ ಅಕ್ಕನಿಗೆ. ದೊಡ್ಡ ಕಂಪನಿಯ ಮಾಲು. ಅಲ್ಲಿ ದೊಡ್ಡವರು ನಾಲ್ಕು ತಿಂಗಳು ಬಳಸಿ ಬಿಟ್ಟದ್ದು."

"ಎರಡೂ ಒಂದೇ ತರ ಉಂಟಲ್ಲ ಮಾರಾಯ."

"ಅವಳಿ," ಎಂದ.

ಅವಳಿ ಎಂದ ಕೂಡಲೇ ನನ್ನ ಕೈ ಹಳೆಯ ಅಭ್ಯಾಸಕ್ಕೆ ಹೋಯಿತು. ಅವಳಿ ಮಕ್ಕಳಾದರೆ ಅದಲುಬದಲಾಗದಂತೆ ಮೊದಲು ಬಂದದ್ದರ ಕೈಗೆ ನೂಲು ಕಟ್ಟುತ್ತಿದ್ದೆ. ಮೊದಲು ಪೆಟ್ಟಿಗೆಯಿಂದ ಹೊರಬಂದ ಟ್ಯಾಬಿಗೆ ಕಪ್ಪು ನೂಲು ಕಟ್ಟಿ, ಹಿರಿಯದು ಹಿರಿಯಳಿಗೆ ಎಂದು ಊರಿಗೆ ಕಳಿಸಿದೆ. ಅಲ್ಲಿ ಅಕ್ಕನ ಮೊಮ್ಮಗ ಅದನ್ನು ಚಾಲೂ ಮಾಡಿ ಕೊಟ್ಟ.

ಅಕ್ಕನ ಮೊದಲ ಮಾತೇ ಇದು: "ಕರಿದಾರ ಕಟ್ಟಿ ಕಳಿಸೀಯಲ್ಲ, ದೃಷ್ಟಿ ಆಗುವಷ್ಟು ಚಂದ ಎಲ್ಲೈತಿ ಇದು? ಹಲ್ಲಿಲ್ಲ, ಕೂದಲಿಲ್ಲ."

೨. ನೋಟ

ಅಂದಿನಿಂದ ದಿನವೂ ಸಂಜೆ, ಅಕ್ಕ ಒಲೆ ಹಚ್ಚುವ ಹೊತ್ತಿಗೆ ನಮ್ಮ ಮಾತು. ಕೆಲಸ ನಿಲ್ಲಿಸಿ ಮಾತಾಡುವುದು ಅಕ್ಕನ ಜಾತಕದಲ್ಲೇ ಇಲ್ಲ. ಟ್ಯಾಬನ್ನು ಒಲೆಯ ಪಕ್ಕ ನೆಲದ ಮೇಲೆ ಅಂಗಾತ ಮಲಗಿಸಿ ಜೋಳದ ರೊಟ್ಟಿ ಬಡಿಯುತ್ತಾಳೆ. ಒಂದು ರೊಟ್ಟಿ ಹಂಚಿಗೆ ಬಿದ್ದ ಮೇಲೆ ಟ್ಯಾಬನ್ನು ಎತ್ತಿ ಮುಖದ ಮುಂದೆ ಹಿಡಿದು ನಾಲ್ಕು ಮಾತು. ಮತ್ತೆ ಮಲಗಿಸಿ ಇನ್ನೊಂದು ರೊಟ್ಟಿ.

ನನಗೆ ಬಲಗಿವಿ ಸ್ವಲ್ಪ ಮಂದ. ಅಕ್ಕ ಮಾತು ಶುರು ಮಾಡಿದ ಕೂಡಲೇ ಟ್ಯಾಬನ್ನು ಎಡಗಿವಿಗೆ ಒತ್ತಿಕೊಳ್ಳುತ್ತಿದ್ದೆ. ರೊಟ್ಟಿಯ ಪಟಪಟ ಶುರುವಾದರೆ ಕಿವಿಯಿಂದ ತೆಗೆದು ನೋಡುತ್ತಿದ್ದೆ. ಅಂದರೆ ಅವಳು ನೋಡುವಾಗ ಅವಳಿಗೆ ಕಾಣುವುದು ನನ್ನ ಕಿವಿ. ನಾನು ನೋಡುವಾಗ ನನಗೆ ಕಾಣುವುದು ಅವಳ ತಲೆಯ ಮೇಲಿನ ಮಣ್ಣಿನ ಚಾವಣಿ, ನಮ್ಮ ಮಾತಿನಲ್ಲಿ ಮಾಳಿಗೆ.

"ನರ್ಸಮ್ಮ, ಅದು ಮುಖ ನೋಡ್ಲಿಕ್ಕೆ ಇರುದು. ಕಿವಿಗೆ ಇಡುದು ಅಲ್ಲ," ಎಂದು ಗಲ್ಫಿನವನು ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ. ಎಷ್ಟಾದರೂ ಹುಟ್ಟುವಾಗ ಉಸಿರು ಕೊಟ್ಟು ಅಳಿಸಿದವಳು ನಾನು.

ನಿಜ ಹೇಳಬೇಕೆಂದರೆ ನನಗೆ ಮಾಳಿಗೆಯೇ ಬೇಕಿತ್ತು. ನಮ್ಮ ಕಡೆ ಮಣ್ಣಿನ ಮಾಳಿಗೆಯನ್ನು ಹೊರುವ ಮರದ ತೊಲೆಗಳಿಗೆ ಜಂತಿ ಎನ್ನುತ್ತಾರೆ. ಅಕ್ಕ ಈಗಲೂ ಇರುವ ನಮ್ಮ ತವರುಮನೆಯಲ್ಲಿ ಹದಿನೇಳು ಜಂತಿ. ಚಿಕ್ಕಂದಿನಲ್ಲಿ ಒಂದೇ ಕೌದಿಯಲ್ಲಿ ಮಲಗಿ ನಾನೂ ಅಕ್ಕನೂ ಎಣಿಸುತ್ತಿದ್ದೆವು. ಹನ್ನೆರಡಕ್ಕೆ ಬರುವಾಗ ನನಗೆ ನಿದ್ದೆ. ಎಣಿಸಿ ಮುಗಿಸದವಳಿಗೆ ಮನೆಯಲ್ಲಿ ಪಾಲಿಲ್ಲ ಎಂದು ಅಕ್ಕ ತೀರ್ಪು ಕೊಡುತ್ತಿದ್ದಳು. ಆ ಟ್ಯಾಬಿನ ಪರದೆ ಎಷ್ಟು ಚೊಕ್ಕ ಎಂದರೆ, ಎಂಟನೇ ಜಂತಿಯ ಗಂಟು, ತೊಟ್ಟಿಲು ಕಟ್ಟಿ ಕಟ್ಟಿ ನುಣುಪಾದ ಹತ್ತನೇ ಜಂತಿ, ಒಲೆಯ ಮೇಲೆ ಹೊಗೆ ಹಿಡಿದು ಕರಿಗಟ್ಟಿದ ಕೊನೆಯ ಮೂರು, ಎಲ್ಲ ಬೇರೆ ಬೇರೆ ಕಾಣುತ್ತಿದ್ದವು. ಮಾತು ಮುಗಿಸುವಾಗ ಅಕ್ಕ ಕೇಳುತ್ತಿದ್ದಳು:

"ಎಷ್ಟಾದವು?"

"ಹದಿನೇಳು."

"ಹಂಗಾರ ಮಲಕೋ ಹೋಗು."

ಅವಳಿಗೂ ನನ್ನ ಕಿವಿಯೇ ಸಾಕಿತ್ತು. ನನ್ನ ಎಡಗಿವಿಯ ಹಾಲೆ ಸೀಳಿ ಕೂಡಿಕೊಂಡದ್ದು. ನಾನು ಎಂಟು ವರ್ಷದವಳಿದ್ದಾಗ ಶೇಂಗಾದುಂಡೆಯ ಜಗಳದಲ್ಲಿ ಅಕ್ಕನೇ ಓಲೆ ಹಿಡಿದು ಎಳೆದದ್ದು. ಮೊದಲ ದಿನ ಆ ಕಿವಿ ಕಂಡು ಹಂಚಿನ ರೊಟ್ಟಿ ಸೀಯಲು ಬಿಟ್ಟಳು. ಆಮೇಲೆ, "ಅರವತ್ತು ವರ್ಷ ಆತು, ಇನ್ನೂ ಅದನ್ನ ತೋರಿಸಿ ತೋರಿಸಿ ಬೈತೀಯಲ್ಲ," ಎಂದಳು.

೩. ಪುತ್ತೂರಿನಲ್ಲಿ ಹೆಣ್ಣು ನೋಡಿದ್ದು

ಎಂಟು ವರ್ಷ ದುಡಿದ ನನ್ನ ಟ್ಯಾಬು ಕಳೆದ ವರ್ಷ ಸುಸ್ತಾಯಿತು. ನಾಲ್ಕನೇ ರೊಟ್ಟಿಗೆ ಬರುವಾಗ ಪಕ್ಕನೆ ಕಣ್ಣು ಮುಚ್ಚುತ್ತಿತ್ತು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪುತ್ತೂರಿನ ಒಂದು ಅಂಗಡಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವಳು, "ಮಗುವಿಗೆ ಎಂತ ಆಯ್ತು?" ಎಂದು ಕೇಳಿದಳು. ಟವೆಲು ಹಿಡಿದ ರೀತಿ ಹಾಗಿದ್ದಿರಬೇಕು.

ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿದರು. "ಇದು ಒಳ್ಳೆ ದೊಡ್ಡ ಮನೆಯದ್ದು ಅಮ್ಮ. ಆದರೆ ಪ್ರಾಯ ಆಯ್ತು. ಬ್ಯಾಟರಿ ಅಂಟಿಸಿದ್ದಾರೆ, ಬಿಚ್ಚಿದರೆ ಪರದೆ ಒಡೆದೀತು. ನೀವು ಮಾತಾಡುವ ಆ್ಯಪ್ ಕೂಡ ಇನ್ನು ಸ್ವಲ್ಪ ದಿನದಲ್ಲಿ ಇದರಲ್ಲಿ ನಡೆಯುದಿಲ್ಲ. ಗುಣ ಉಂಟು, ತ್ರಾಣ ಇಲ್ಲ."

ಇನ್ನೊಂದನ್ನು ಎದುರಿಗಿಟ್ಟರು. ಹಳೆಯದರ ಬೆಲೆಯ ಕಾಲು ಭಾಗವೂ ಇಲ್ಲವಂತೆ. ಮೊರದಷ್ಟು ಅಗಲ, ಮೈ ಪ್ಲಾಸ್ಟಿಕ್ಕು.

"ಇದು ಬಡವರ ಮನೆಯದ್ದು. ಆದರೆ ಹೊಸ ಪ್ರಾಯ, ಹೇಳಿದ ಕೆಲಸ ಮಾಡಿಕೊಂಡು ಇರ್ತದೆ."

ದಲ್ಲಾಳಿಯ ಮಾತೇ ಹೀಗಾದ ಮೇಲೆ ನಾನೂ ಕೇಳಬೇಕಲ್ಲ. "ಕಣ್ಣು ಹೇಗೆ?"

"ಅಷ್ಟು ಚುರುಕಿಲ್ಲ. ಸುಳ್ಳು ಹೇಳುದಿಲ್ಲ ನಾನು."

"ಸ್ವರ?"

"ಸ್ವರ ಮಾತ್ರ ಜೋರು. ನಾಲ್ಕು ಸ್ಪೀಕರು."

"ಊಟ?"

"ಒಮ್ಮೆ ಉಂಡರೆ ಎರಡು ದಿನಕ್ಕೆ ಬೇಡ."

ಕಣ್ಣು ಮಂಜು, ಸ್ವರ ದೊಡ್ಡದು, ಊಟ ಕಡಿಮೆ. ನನ್ನ ಪ್ರಾಯದವಳನ್ನೇ ತೋರಿಸುತ್ತಿದ್ದಾರೆ ಅನ್ನಿಸಿತು. ಆದರೆ ಸಂಜೆಯ ಮಾತು ನಿಲ್ಲಬಾರದಲ್ಲ. ಒಪ್ಪಿ ಮನೆಗೆ ಕರೆದುಕೊಂಡು ಬಂದೆ. ಮಂಚದ ಅಡಿಯ ತಕ್ಕಡಿ ತೆಗೆದು ಎರಡನ್ನೂ ಜೋಳಿಗೆಯಲ್ಲಿ ಹಾಕಿ ತೂಗಿದೆ. ಹೊಸದು ಅರ್ಧ ಕಿಲೋದ ಹತ್ತಿರ, ಹಳೆಯದಕ್ಕೆ ಮುಳ್ಳು ಅಲ್ಲಾಡಿದ್ದೇ ಹೆಚ್ಚು. ನನ್ನ ಲೆಕ್ಕದಲ್ಲಿ ಎರಡೂ ಕೂಡಲೇ ದೊಡ್ಡಾಸ್ಪತ್ರೆಗೆ ಬರೆದುಕೊಡಬೇಕಾದ ಮಕ್ಕಳು.

೪. ಗುತ್ತಿಗಾರಿನ ಆನೆ

ಹೊಸದನ್ನು ಕಿವಿಗೆ ಇಡಲು ನೋಡಿದೆ. ಎರಡು ಕೈಯಲ್ಲಿ ಹಿಡಿದರೆ ಕೆನ್ನೆ, ಕತ್ತು, ಹೆಗಲು ಎಲ್ಲ ಮುಚ್ಚಿತು. ಸ್ವರವೋ, ಮಂದದ ಬಲಗಿವಿಗೂ ಹೊಡೆಯುವಂಥದ್ದು. ಅದಕ್ಕೆ ನಾನೂ ಅಕ್ಕನ ಹಾಗೆ ಅದನ್ನು ಅಂಗಾತ ಮಲಗಿಸಿಟ್ಟು ಮಾತಾಡತೊಡಗಿದೆ.

"ಎಲ್ಲಿ ಹೋದೀ? ಬರೇ ಫ್ಯಾನ್ ಕಾಣಾಕತ್ತೈತಿ," ಎಂದಳು ಅಕ್ಕ.

"ಇಲ್ಲೇ ಉಂಟು ಅಕ್ಕಾ, ಫ್ಯಾನಿನ ಕೆಳಗೆ."

"ಉಂಟಂತ ಉಂಟು. ನಾಲಿಗಿ ಆ ಊರಿಗೆ ಕೊಟ್ಟಿ, ಕಿವೀನೂ ಕೊಟ್ಟೇನು?" ಫ್ಯಾನ್ ನೋಡಲು ಯಾಕೆ ಎತ್ತಬೇಕೆಂದು ಅವಳೂ ತನ್ನ ಟ್ಯಾಬನ್ನು ನೆಲದಿಂದ ಎತ್ತುವುದನ್ನೇ ಬಿಟ್ಟಳು.

ಆ ದಿನಗಳಲ್ಲೇ ಗುತ್ತಿಗಾರಿಗೆ ಹೊಸ ಅಕ್ಕಿ ಊಟಕ್ಕೆ ಹೋಗಿದ್ದೆ. ಆಸ್ಪತ್ರೆಯಲ್ಲಿ ನನ್ನ ಜತೆ ಆಯಾ ಆಗಿದ್ದವಳ ಮನೆ. ಗಂಡ ಹೆಂಡತಿ ಅರೆಭಾಷೆ ಮಾತಾಡುವ ಕೃಷಿಕರು. ಕಾಡಿನ ಅಂಚು. ವಾರದಿಂದ ಆನೆ ಬಂದು ಬಾಳೆ ತುಳಿಯುತ್ತಿತ್ತು. ಪಟಾಕಿ, ಡಬ್ಬ ಬಡಿಯುವುದು ಎಲ್ಲ ಮಾಡಿದ್ದರು. ಆನೆಗೆ ಅದೆಲ್ಲ ಬಾಯಿಪಾಠವಾಗಿತ್ತು.

ಸಂಜೆ ಜಗಲಿಯ ಕಟ್ಟೆಯ ಮೇಲೆ ಟ್ಯಾಬು ಮಲಗಿಸಿದೆ. ಅಕ್ಕ ಬಂದಳು. ಅವಳಿಗೆ ಗುತ್ತಿಗಾರಿನ ಹೆಂಚು, ನನಗೆ ಜಂತಿ. ಎರಡು ಮಾಡು ಮಾತಾಡಿಕೊಂಡ ಹಾಗೆ. ಅಷ್ಟರಲ್ಲಿ ಅಲ್ಲಿ ಆಡೊಂದು ಒಳಗೆ ನುಗ್ಗಿ ಜೋಳದ ಹಿಟ್ಟಿಗೆ ಬಾಯಿ ಹಾಕಿತು. ಅಕ್ಕ ಎದ್ದು ನಿಂತು, "ಹೈ, ನಿನ್ನ ಬಾಯಿಗಿ ಬೆಂಕಿ ಇಡಲಿ, ನಿನ್ನ ಮಾರಿಗೆ ಮಣ್ಣು ಹಾಕಲಿ, ಹೊರಗ ನಡಿ, ಇನ್ನೊಮ್ಮೆ ಬಂದ್ರ ಕಾಲು ಮುರೀತೀನಿ," ಎಂದು ಆಡಿನ ವಂಶವನ್ನೆಲ್ಲ ಜಾಲಾಡಿದಳು. ನಾಲ್ಕು ಸ್ಪೀಕರಿನಿಂದ ಹೊರಟದ್ದು ತೋಟಕ್ಕೆ ಹೋಗಿ, ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಎಲೆಯ ಮುಂದೆ ಕೂತವರು ಕೈ ಎತ್ತಿ ಕೂತರು.

ಮರುದಿನ ಬೆಳಗ್ಗೆ ಬಾಳೆ ಹಾಗೆಯೇ ಇತ್ತು. ಆನೆ ಬಂದಿರಲಿಲ್ಲ. ನಾನು ಚೀಲ ತೆಗೆದುಕೊಂಡು ಹೊರಟರೆ ಗೆಳತಿಯ ಗಂಡ ದಾರಿಗೆ ಅಡ್ಡ ನಿಂತರು. ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಇಪ್ಪತ್ತು ಮಾತಾಡದ ಮನುಷ್ಯ.

"ಅಮ್ಮ, ನಾಲ್ಕು ದಿನ ಇದ್ದು ಹೋಗಿ."

"ಯಾಕೆ ಮಾರಾಯ್ರೆ?"

"ಗೊನೆ ಕಡಿಯುವವರೆಗೆ. ಸಂಜೆ ನಿಮ್ಮ ಅಕ್ಕನ ಹತ್ತಿರ ಸ್ವಲ್ಪ ಮಾತಾಡಿದ್ರೆ ಸಾಕು. ಆಡು ಬೇಕಾದ್ರೆ ಇಲ್ಲಿಂದಲೇ ಕಳಿಸುವಾ."

ಕಾಣಿಯೂರಿಗೆ ಬಂದು ಇದನ್ನು ಅಕ್ಕನಿಗೆ ಹೇಳಿದೆ. ಹೆಮ್ಮೆಪಡುತ್ತಾಳೆ ಎಂದುಕೊಂಡೆ. "ಆನಿಗೆ ಒಂದs ಸಲಕ್ಕೆ ತಿಳೀತು ನೋಡು. ನಿನಗ ಎಂಟು ವರ್ಷ ಆತು, ಒಂದೊಂದು ಮಾತು ಎರಡೆರಡು ಸಲ ಹೇಳಾಕತ್ತೀನಿ," ಎಂದಳು.

೫. ಮೂರು ಕಡಿಮೆ

ಹೊಸ ಟ್ಯಾಬು ಬಂದ ಮೇಲೂ ಅಕ್ಕ "ಎಷ್ಟಾದವು?" ಎಂದು ಕೇಳುವುದು, ನಾನು "ಹದಿನೇಳು" ಎನ್ನುವುದು ನಡೆದಿತ್ತು. ಎಣಿಸಿಯೇನೂ ಅಲ್ಲ, ಬಾಯಿಗೆ ಬಂದ ಲೆಕ್ಕ. ಒಂದು ದಿನ ಸುಮ್ಮನೆ ಎಣಿಸಿದೆ. ಹದಿನಾಲ್ಕು. ಕನ್ನಡಕ ಒರೆಸಿ ಎಣಿಸಿದೆ. ಹದಿನಾಲ್ಕೇ.

"ಎಷ್ಟಾದವು?"

"ಹದಿನಾಲ್ಕು," ಎಂದೆ. "ಅಕ್ಕಾ, ಒಲೆಯ ಮೇಲಿನ ಮೂರು ಜಂತಿ ಎಂತ ಮಾಡಿದೆ?"

ರೊಟ್ಟಿಯ ಸದ್ದು ನಿಂತಿತು.

"ಏನಂದಿ?"

"ತೆಗೆಸಿದ್ದಾದರೆ ಒಂದು ಮಾತು ಹೇಳಬಹುದಿತ್ತು. ನಾನೂ ಆ ಮನೆಯಲ್ಲಿ ಹುಟ್ಟಿದವಳೇ."

"ಒಲಿಗೆ ಹಾಕಿ ರೊಟ್ಟಿ ಸುಟ್ಟೆ ಅಂತೀಯೇನು? ಅಪ್ಪ ಕುಂದ್ರಿಸಿದ ಜಂತಿ ನಾ ಉರಿಸಿ ತಿಂದ್ನೇನು? ಹನ್ನೆರಡಕ್ಕ ನಿದ್ದಿ ಹೋಗಾಕಿ ನೀ, ನನಗ ಲೆಕ್ಕಾ ಕಲಿಸ್ತೀ?"

ಪರದೆ ಕಪ್ಪಾಯಿತು.

ಮರುದಿನ ಸಂಜೆ ಕರೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊಮ್ಮಗನ ಫೋನಿಗೆ ಹಚ್ಚಿದರೆ, "ಅಜ್ಜಿ ಹೊರಗ ಹೋಗ್ಯಾರ್ರೀ," ಎಂದ. ಹಿಂದಿನಿಂದ, "ಹೊಲಕ್ಕ ಹೋಗ್ಯಾರ ಅನ್ನು, ತಡಾ ಆಗತೈತಿ ಅನ್ನು," ಎಂದು ಹೇಳಿಕೊಡುವ ಅಕ್ಕನ ಸ್ವರ ನನಗೆ ಸ್ಪಷ್ಟ ಕೇಳಿಸಿತು. ಆನೆ ಓಡಿಸಿದ ಸ್ವರವಲ್ಲವೇ.

ಸಂಜೆ ಹೇಗೆ ಕಳೆಯಬೇಕು ಎಂದು ನನಗೆ ತಿಳಿಯಲಿಲ್ಲ. ದೀಪ ಹಚ್ಚಿದೆ, ಅನ್ನಕ್ಕಿಟ್ಟೆ, ಪಟಪಟ ಸದ್ದಿಲ್ಲದೆ ಅನ್ನ ಬೇಯಿತು. ಈ ಊರಿಗೆ ಬಂದ ಮೊದಲ ವಾರ ಹೀಗೆಯೇ ಇತ್ತು. ಆಗ ಪ್ರಾಯ ಇಪ್ಪತ್ತೆರಡು, ಹೋಗಬೇಕೆಂದರೆ ಬಸ್ಸು ಹತ್ತಬಹುದಿತ್ತು. ಈಗ ಮೊಣಕಾಲು ಪುತ್ತೂರು, ಗುತ್ತಿಗಾರಿನಿಂದ ಆಚೆಗೆ ಇಲ್ಲ ಎನ್ನುತ್ತದೆ. ಊರಿಗೆ ಹೋಗಿ ಹದಿಮೂರು ವರ್ಷವಾಗಿತ್ತು. ಆ ಮನೆಗೆ ಹೋಗುವ ದಾರಿ ಅಂತ ನನಗೆ ಉಳಿದಿದ್ದದ್ದು ಆ ಒಂದು ಗಂಟೆ.

ಗಲ್ಫಿನವನು ರಜೆಗೆ ಬಂದಿದ್ದ. ಏಳನೇ ದಿನ ಅವನನ್ನು ಕರೆದು ಹೇಳಿದೆ. ಅವನು ಹಳೆಯ ಟ್ಯಾಬಿಗೆ ವಯರು ಚುಚ್ಚಿ ಎಬ್ಬಿಸಿದ. ನೋಡಿದರೆ ಅದರ ತುಂಬ ಜಂತಿಯ ಚಿತ್ರಗಳು. ಕಿವಿಯಿಂದ ಇಳಿಸುವಾಗೆಲ್ಲ ನನ್ನ ಹೆಬ್ಬೆರಳು ಯಾವುದೋ ಗುಂಡಿ ಒತ್ತಿ ಚಿತ್ರ ಹಿಡಿದದ್ದು ನನಗೇ ಗೊತ್ತಿರಲಿಲ್ಲ.

"ಎರಡು ಸಾವಿರದ ಮೇಲೆ ಉಂಟು ನರ್ಸಮ್ಮ. ಎಲ್ಲ ಒಂದೇ ಚಿತ್ರ."

"ಒಂದೇ ಅಲ್ಲ ಮಾರಾಯ. ನೋಡು, ಇದರಲ್ಲಿ ಈರುಳ್ಳಿ ಗೊಂಚಲು ತೂಗು ಹಾಕಿದ್ದಾಳೆ. ಇದರಲ್ಲಿ ಖಾಲಿಯಾಗಿದೆ."

ಅವನು ಒಂದು ಚಿತ್ರವನ್ನು ಹೊಸ ಟ್ಯಾಬಿಗೂ ಕಳಿಸಿ ಎರಡನ್ನೂ ಪಕ್ಕಪಕ್ಕ ಇಟ್ಟ. ಹಳೆಯದರಲ್ಲಿ ಎಣಿಸಿದೆ: ಹದಿನೇಳು. ಹೊಸದರಲ್ಲಿ ಅದೇ ಚಿತ್ರ: ಹದಿನಾಲ್ಕು. ಒಲೆಯ ಮೇಲಿನ ಕರಿಗಟ್ಟಿದ ಮೂರು ಕತ್ತಲೆಯಲ್ಲಿ ಕರಗಿದ್ದವು.

"ಜಂತಿ ಎಲ್ಲಿಗೂ ಹೋಗಲಿಲ್ಲ," ಎಂದ. "ಹಳೇದಕ್ಕೆ ಕಪ್ಪಿನಲ್ಲಿ ಹತ್ತು ಬಗೆ ಗೊತ್ತಾಗ್ತದೆ. ಹೊಸತಕ್ಕೆ ಕಪ್ಪು ಅಂದ್ರೆ ಒಂದೇ ಕಪ್ಪು. ಕಡಿಮೆಗೆ ಸಿಗುದು ಯಾಕೆ ಅಂತ ಮಾಡಿದ್ರಿ?"

ಕಡಿಮೆ ಎಷ್ಟು ಎಂದು ನನಗೆ ಆಗ ಗೊತ್ತಾಯಿತು: ಮೂರು ಜಂತಿ ಮತ್ತು ಒಬ್ಬಳು ಅಕ್ಕ.

೬. ಗುರುತು

ಎಂಟನೇ ದಿನ ಮೊಮ್ಮಗನ ಸಂದೇಶ ಬಂತು. ಅಜ್ಜಿಯ ಟ್ಯಾಬೂ ಹೋಯಿತು, ನಿಮ್ಮಲ್ಲಿ ಇರುವಂಥದ್ದೇ ಹೊಸದು ತಂದಿದ್ದೇನೆ, ಸಂಜೆ ಹಚ್ಚಿರಿ, ಎಂದು. ಅವಳಿಯಲ್ಲವೇ, ಒಂದು ಮಲಗಿದ ಮೇಲೆ ಇನ್ನೊಂದು ಎಷ್ಟು ದಿನ ಇದ್ದೀತು.

ಸಂಜೆ ಗಲ್ಫಿನವನೇ ಬಂದು ಕೂತ. ನನ್ನ ಟ್ಯಾಬನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ. "ಇವತ್ತಾದ್ರೂ ಮುಖ ನೋಡಿ ಮಾತಾಡಿ." ಅಲ್ಲಿಯೂ ಮೊಮ್ಮಗ ಹಾಗೆಯೇ ನೀರಿನ ಕೊಡಕ್ಕೆ ಒರಗಿಸಿ ಹೊರಗೆ ಹೋಗಿದ್ದನಂತೆ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡವಳ ಹಾಗೆ ಕೂತಿದ್ದೆ. ಅಕ್ಕಾ, ತಪ್ಪು ನನ್ನದು, ಕಪ್ಪು ಕಾಣದ ಕಣ್ಣಿನದು. ಪರದೆ ಬೆಳಗಿತು. ಯಾವುದೋ ಅಜ್ಜಿ ಕೂತಿದ್ದಳು. ಗಿಡ್ಡ ಬಿಳಿ ಕೂದಲು, ಹಲ್ಲಿಲ್ಲದ ಬಾಯಿ, ಗಲ್ಲದ ಮೇಲೆ ಹಿಟ್ಟು. ನಾನು ಕಡೆಗೆ ಕಂಡ ಅಕ್ಕನಿಗಾದರೆ ಸೊಂಟದವರೆಗೆ ಜಡೆ, ಮೂಗಿನಲ್ಲಿ ಹರಳು. ನೆರೆಯವರು ಯಾರೋ ರೊಟ್ಟಿಗೆ ಬಂದಿದ್ದಾರೆ ಎಂದುಕೊಂಡೆ.

"ಅಮ್ಮಾ, ನಮ್ಮ ಅಕ್ಕನನ್ನು ಸ್ವಲ್ಪ ಕರೀತೀರಾ?" ಎಂದೆ.

ಆ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ನೀವ್ಯಾರ್ರೀ? ನಮ್ಮ ತಂಗಿ ಎಲ್ಲಿ? ಆಕೀಗೆ ಅರಾಮ ಐತಿಲ್ಲ?"

ಸ್ವರ ಗೊತ್ತಾಯಿತು. "ಅಕ್ಕಾ, ನಾನೇ," ಎಂದೆ.

"ನೀ ಹೆಂಗ ಆಗ್ತೀ? ನಮ್ಮ ತಂಗಿ ಅದಾಳ ಗುಂಡುಮಾರಿ ಹುಡುಗಿ. ನೀವು ಮುದುಕಿ ಅದೀರಿ."

"ನೀನೂ ಮುದುಕಿಯೇ."

"ಬಾಯಿ ನೋಡಿದ್ರ ಆಕೀ ಹಂಗ ಐತಿ," ಎಂದು ಅಕ್ಕ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, "ಕಿವಿ ತೋರಸು," ಎಂದಳು.

ನಾನು ಬಲಕ್ಕೆ ತಿರುಗಿ, ಸೆರಗು ಸರಿಸಿ, ಸೀಳಿದ ಹಾಲೆಯನ್ನು ಪರದೆಯ ಹತ್ತಿರ ಹಿಡಿದೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ಕತ್ತು ನೋಯಲು ಶುರುವಾಯಿತು.

"ಹೌದು, ನನ್ನ ಕೈಕೆಲಸನs," ಎಂದಳು ಕೊನೆಗೆ. ಸ್ವರ ಬೇರೆಯಾಗಿತ್ತು. "ಇಷ್ಟು ದಿನ ಎಲ್ಲಿಗೆ ಹೋಗಿದ್ದೀ?"

"ಇಲ್ಲೇ ಇದ್ದೆ. ಈಗ ನೀನು ತೋರಿಸು."

"ಏನು?"

"ಜಂತಿ. ಇಲ್ಲದಿದ್ದರೆ ನಾನು ಹೇಗೆ ನಂಬುದು?"

ಅವಳು ಕೊಡಕ್ಕೆ ಒರಗಿಸಿದ್ದ ಟ್ಯಾಬನ್ನು ಎತ್ತಿ ನೆಲದ ಮೇಲೆ ಅಂಗಾತ ಮಲಗಿಸಿದಳು. ಮಾಳಿಗೆ ಬಂತು. ರೊಟ್ಟಿಯ ಪಟಪಟ ಶುರುವಾಯಿತು. ನಾನು ಇನ್ನೂ ಕಿವಿ ತೋರಿಸಿಕೊಂಡು, ಓರೆಗಣ್ಣಿನಲ್ಲಿ ಪರದೆಯ ಮಾಳಿಗೆ ನೋಡಿಕೊಂಡು ಕೂತಿದ್ದೆ.

ಗಲ್ಫಿನವನು ಹಣೆ ಒತ್ತಿಕೊಂಡ. "ಒಬ್ರು ಕಿವಿ ತೋರಿಸುದು, ಒಬ್ರು ಮಾಡು ತೋರಿಸುದು. ಇದಕ್ಕೆ ಎರಡು ಹೊಸ ಟ್ಯಾಬ್ ಯಾಕೆ ಬೇಕಿತ್ತು ನರ್ಸಮ್ಮ?"

ಆರು ರೊಟ್ಟಿಯಾದ ಮೇಲೆ ಸದ್ದು ನಿಂತಿತು. ಅಕ್ಕ ಕೇಳಿದಳು. ಕೇಳುವ ಮೊದಲು ಕೈಯ ಹಿಟ್ಟು ಕೊಡವಿಕೊಂಡದ್ದು ನಾಲ್ಕು ಸ್ಪೀಕರಿನಲ್ಲೂ ಕೇಳಿಸಿತು.

"ಎಷ್ಟಾದವು?"

ಇನ್ನೊಮ್ಮೆ ಎಣಿಸಿದೆ. ಹದಿನಾಲ್ಕು.

"ಹದಿನೇಳು," ಎಂದೆ.

"ಹಂಗಾರ ಮಲಕೋ ಹೋಗು."